ಹತ್ತು ರೂಪಾಯಿಯ ಪಾಲು: ಅಹಮದಾಬಾದಿನ ದುಡಿಯುವ ಮಹಿಳೆಯರು ಕಟ್ಟಿಕೊಂಡ ಸಂಪತ್ತು

ಶರಣರ ಚಿಂತನೆಯಲ್ಲಿ ಸಂಪತ್ತನ್ನು ಕುರಿತು ಎರಡು ಪ್ರಶ್ನೆಗಳು ಮತ್ತೆ ಮತ್ತೆ ಎದುರಾಗುತ್ತವೆ. ಅದು ಹೇಗೆ ಬಂದಿತು ಎಂಬುದು ಒಂದು. ಬಂದ ಮೇಲೆ ಎಲ್ಲಿಗೆ ಹೋಯಿತು ಎಂಬುದು ಮತ್ತೊಂದು. ಮೊದಲನೆಯದಕ್ಕೆ ಕಾಯಕವೂ ಎರಡನೆಯದಕ್ಕೆ ದಾಸೋಹವೂ ಉತ್ತರವಾಗಿ ನಿಂತಿವೆ. ಕಾಯಕದ ಮಹತ್ವವನ್ನು ಕುರಿತು ಮಾತನಾಡುವವರು ಇಂದು ಬಹುಮಂದಿ. ಆದರೆ ಎರಡನೆಯ ಪ್ರಶ್ನೆಯನ್ನು ಒಂದು ಇಡೀ ನಗರದ ಮುಂದಿಟ್ಟು ನೋಡುವವರು ವಿರಳ. ನಗರದಲ್ಲಿ ಸಾವಿರಾರು ಜನರು ಬೆವರು ಸುರಿಸಿ ದುಡಿಯುತ್ತಾರೆ. ಆ ದುಡಿಮೆಯಿಂದ ಹುಟ್ಟಿದ ಹಣವು ದುಡಿದವರ ಬೀದಿಯಲ್ಲಿಯೇ ಉಳಿಯುತ್ತದೆಯೋ, ಸಂಜೆಯಾಗುವಷ್ಟರಲ್ಲಿ ಮತ್ತೊಬ್ಬರ ಪೆಟ್ಟಿಗೆಯನ್ನು ಸೇರುತ್ತದೆಯೋ? ಗುಜರಾತಿನ ಅಹಮದಾಬಾದ್ ನಗರದ ಕಳೆದ ನೂರು ವರ್ಷಗಳ ಚರಿತ್ರೆಯಲ್ಲಿ ಈ ಪ್ರಶ್ನೆಗೆ ಸ್ಪಷ್ಟವಾದ ಉತ್ತರವೊಂದು ದೊರೆಯುತ್ತದೆ.

1411ರಲ್ಲಿ ಸುಲ್ತಾನ್ ಅಹಮದ್ ಷಾ ಸಾಬರಮತಿಯ ದಂಡೆಯಲ್ಲಿ ಸ್ಥಾಪಿಸಿದ ಈ ನಗರವು ಮೊದಲಿನಿಂದಲೂ ವ್ಯಾಪಾರಿಗಳ ಮತ್ತು ಕುಶಲಕರ್ಮಿಗಳ ನಗರವಾಗಿತ್ತು. ಇಲ್ಲಿಯ ವರ್ತಕರು ‘ಮಹಾಜನ’ ಎಂಬ ಹೆಸರಿನ ಸಂಘಗಳಲ್ಲಿ ಒಂದುಗೂಡಿ ತಮ್ಮ ತಮ್ಮ ವ್ಯಾಪಾರದ ಕಟ್ಟುಪಾಡುಗಳನ್ನು ತಾವೇ ರೂಪಿಸಿಕೊಂಡಿದ್ದರು. 1861ರಲ್ಲಿ ರಣಛೋಡಲಾಲ್ ಛೋಟಾಲಾಲ್ ಅವರು ಇಲ್ಲಿ ಮೊದಲ ಬಟ್ಟೆ ಗಿರಣಿಯನ್ನು ಆರಂಭಿಸಿದರು. ಮುಂದಿನ ಒಂದು ಶತಮಾನದಲ್ಲಿ ಗಿರಣಿಗಳ ಸಂಖ್ಯೆ ಅರವತ್ತನ್ನು ಮೀರಿತು. ‘ಭಾರತದ ಮ್ಯಾಂಚೆಸ್ಟರ್’ ಎಂಬ ಬಿರುದೂ ಬಂದಿತು. ಹಳ್ಳಿಗಳಿಂದ ಜನರು ಕುಟುಂಬ ಸಮೇತ ವಲಸೆ ಬಂದು ಗಿರಣಿಗಳ ಸುತ್ತಲಿನ ಚಾಳುಗಳಲ್ಲಿ ನೆಲೆ ನಿಂತರು.

1918ರಲ್ಲಿ ಗಿರಣಿ ಕಾರ್ಮಿಕರ ಕೂಲಿಯ ಪ್ರಶ್ನೆ ದೊಡ್ಡ ಮುಷ್ಕರಕ್ಕೆ ಕಾರಣವಾಯಿತು. ಕಾರ್ಮಿಕರ ಪರವಾಗಿ ನಿಂತವರು ಅನಸೂಯಾ ಸಾರಾಭಾಯಿ. ಮಾಲೀಕರ ಮುಂದಾಳುವಾಗಿದ್ದವರು ಅವರ ಒಡಹುಟ್ಟಿದ ತಮ್ಮ ಅಂಬಾಲಾಲ್ ಸಾರಾಭಾಯಿ. ಕಾರ್ಮಿಕರ ಧೈರ್ಯ ಕುಂದುತ್ತಿದ್ದ ಹೊತ್ತಿನಲ್ಲಿ ಗಾಂಧೀಜಿಯವರು ಉಪವಾಸ ಕೈಗೊಂಡರು. ಮೂರು ದಿನಗಳಲ್ಲಿ ವಿವಾದವು ಪಂಚಾಯಿತಿಯ ತೀರ್ಮಾನಕ್ಕೆ ಒಪ್ಪಿತವಾಯಿತು. ಈ ಹೋರಾಟದ ಫಲವಾಗಿ 1920ರಲ್ಲಿ ‘ಮಜೂರ್ ಮಹಾಜನ್ ಸಂಘ’ ಹುಟ್ಟಿತು. ವರ್ತಕರಿಗಷ್ಟೇ ಮೀಸಲಾಗಿದ್ದ ‘ಮಹಾಜನ’ ಎಂಬ ಪದವನ್ನು ಕೂಲಿಕಾರರು ತಮ್ಮ ಹೆಸರಿನಲ್ಲಿ ಸೇರಿಸಿಕೊಂಡದ್ದು ಸಾಮಾನ್ಯ ಸಂಗತಿಯಲ್ಲ. ಮುಂದೆ ಲಕ್ಷಕ್ಕೂ ಮಿಕ್ಕ ಸದಸ್ಯರನ್ನು ಹೊಂದಿದ ಈ ಸಂಘವು ಕೂಲಿಯ ವಿಚಾರದಲ್ಲಿ ಮಾತ್ರವಲ್ಲದೆ ಕಾರ್ಮಿಕರ ಶಿಕ್ಷಣ, ಆರೋಗ್ಯ ಮತ್ತು ವಸತಿಯ ವಿಷಯಗಳಲ್ಲಿಯೂ ಕೆಲಸ ಮಾಡಿತು.

ಆದರೆ ಈ ಸಂಘದ ಕಣ್ಣಿಗೆ ಬೀಳದೆ ಉಳಿದ ದುಡಿಮೆಯೊಂದು ಅದೇ ನಗರದಲ್ಲಿತ್ತು. ಗಿರಣಿಯ ಒಳಗೆ ಕೆಲಸ ಮಾಡುವವನಿಗೆ ಹಾಜರಿ ಪುಸ್ತಕವಿತ್ತು, ಸಂಬಳದ ದಿನವಿತ್ತು, ಮಾತನಾಡಲು ಒಬ್ಬ ಮಾಲೀಕನಿದ್ದನು. ಗಿರಣಿಯ ಹೊರಗೆ ಬಟ್ಟೆಯ ಮೂಟೆಗಳನ್ನು ತಲೆಯ ಮೇಲೆ ಹೊತ್ತು ಸಾಗಿಸುವ ಹೆಂಗಸರಿಗೆ, ಕೈಗಾಡಿ ಎಳೆಯುವವರಿಗೆ, ತರಕಾರಿ ಮಾರುವವರಿಗೆ, ಹಳೆಯ ಬಟ್ಟೆಗೆ ಪಾತ್ರೆ ಕೊಡುವವರಿಗೆ, ಮನೆಯಲ್ಲಿ ಕುಳಿತು ಬೀಡಿ ಕಟ್ಟುವವರಿಗೆ, ಕಾಗದ ಆಯುವವರಿಗೆ ಇವು ಯಾವುವೂ ಇರಲಿಲ್ಲ. ಸರ್ಕಾರದ ಲೆಕ್ಕದಲ್ಲಿ ಇವರು ಕಾರ್ಮಿಕರೇ ಅಲ್ಲ. ಮಜೂರ್ ಮಹಾಜನ್ 1954ರಲ್ಲಿ ಮಹಿಳಾ ವಿಭಾಗವನ್ನು ತೆರೆಯಿತಾದರೂ ಅದು ಗಿರಣಿ ಕಾರ್ಮಿಕರ ಹೆಂಡತಿಯರಿಗೂ ಹೆಣ್ಣುಮಕ್ಕಳಿಗೂ ಹೊಲಿಗೆ ಮುಂತಾದುವನ್ನು ಕಲಿಸುವ ಉದ್ದೇಶದ್ದಾಗಿತ್ತು.

1955ರಲ್ಲಿ ಈ ಸಂಘದ ಕಾನೂನು ವಿಭಾಗಕ್ಕೆ ಬಂದ ಇಳಾ ಭಟ್ ಅವರು 1968ರಲ್ಲಿ ಮಹಿಳಾ ವಿಭಾಗದ ಹೊಣೆ ಹೊತ್ತರು. 1971ರಲ್ಲಿ ಜವಳಿ ಮಾರುಕಟ್ಟೆಯಲ್ಲಿ ಮೂಟೆ ಹೊರುವ ಮತ್ತು ಗಾಡಿ ಎಳೆಯುವ ವಲಸೆ ಮಹಿಳೆಯರು ತಮ್ಮ ಕಷ್ಟವನ್ನು ಅವರ ಮುಂದೆ ತೋಡಿಕೊಂಡರು. ಇವರಲ್ಲಿ ಅನೇಕರಿಗೆ ಮನೆಯೇ ಇರಲಿಲ್ಲ, ಬೀದಿಯೇ ವಾಸಸ್ಥಾನ. ಎಷ್ಟು ಸಲ ಹೊತ್ತರು, ಎಷ್ಟು ದೂರ ಹೊತ್ತರು ಎಂಬುದಕ್ಕೆ ದಾಖಲೆ ಇಲ್ಲದೆ ಕೊಟ್ಟಷ್ಟನ್ನು ಪಡೆದು ಹೋಗಬೇಕಾಗಿತ್ತು. ಇಳಾ ಭಟ್ ಅವರು ಇದನ್ನು ಪತ್ರಿಕೆಯಲ್ಲಿ ಬರೆದಾಗ ವರ್ತಕರು ಅದನ್ನು ಅಲ್ಲಗಳೆದು, ತಾವು ನ್ಯಾಯವಾದ ದರವನ್ನೇ ಕೊಡುತ್ತಿರುವುದಾಗಿ ಪ್ರಕಟಿಸಿದರು. ಇಳಾ ಭಟ್ ಅವರು ವರ್ತಕರ ಆ ಮಾತನ್ನೇ ಚೀಟಿಗಳಲ್ಲಿ ಅಚ್ಚು ಮಾಡಿಸಿ ಮೂಟೆ ಹೊರುವವರ ಕೈಗೆ ಕೊಡಿಸಿದರು. ವರ್ತಕರು ಆಡಿದ ಮಾತೇ ಅವರ ಮುಂದೆ ಹಿಡಿಯಲು ಆಧಾರವಾಯಿತು.

ಇದೇ ಸಂದರ್ಭದಲ್ಲಿ ಮಹಿಳೆಯರು ಸಭೆ ಸೇರಿ ತಮಗೂ ಒಂದು ಸಂಘ ಬೇಕೆಂದು ನಿರ್ಧರಿಸಿದರು. ನೋಂದಣಿಗೆ ಹೋದಾಗ ಕಾರ್ಮಿಕ ಇಲಾಖೆಯು ಒಪ್ಪಲಿಲ್ಲ. ಮಾಲೀಕನೇ ಇಲ್ಲದ ಮೇಲೆ ಕಾರ್ಮಿಕ ಸಂಘವು ಯಾರ ವಿರುದ್ಧ ಹೋರಾಡುತ್ತದೆ ಎಂಬುದು ಅಧಿಕಾರಿಗಳ ಪ್ರಶ್ನೆ. ಸಂಘವಿರುವುದು ಯಾರನ್ನೋ ವಿರೋಧಿಸಲೆಂದೇ ಅಲ್ಲ, ದುಡಿಯುವವರು ಒಂದಾಗಲೆಂದು ಎಂಬುದು ಮಹಿಳೆಯರ ಪರವಾಗಿ ಮಂಡಿತವಾದ ವಾದ. ಕಡೆಗೆ 1972ರ ಏಪ್ರಿಲ್‌ನಲ್ಲಿ ಸ್ವಂತ ದುಡಿಮೆಯ ಮಹಿಳೆಯರ ಸಂಘವು ‘ಸೇವಾ’ ಎಂಬ ಸಂಕ್ಷಿಪ್ತ ಹೆಸರಿನಿಂದ ನೋಂದಣಿಯಾಯಿತು.

ಸಂಘವೇನೋ ಆಯಿತು. ಆದರೆ ಸದಸ್ಯೆಯರ ಮನೆಯ ಲೆಕ್ಕವನ್ನು ನೋಡಿದಾಗ ಮತ್ತೊಂದು ಸತ್ಯವು ಗೋಚರಿಸಿತು. ತರಕಾರಿ ಮಾರುವವಳು ಬೆಳಿಗ್ಗೆ ಸಾಹುಕಾರನಿಂದ 50 ರೂಪಾಯಿ ತಂದರೆ ಸಂಜೆ 55 ರೂಪಾಯಿ ಹಿಂದಿರುಗಿಸಬೇಕು. ಅಂದರೆ ದಿನವೊಂದಕ್ಕೆ ನೂರಕ್ಕೆ ಹತ್ತರ ಬಡ್ಡಿ. ಗಾಡಿಯು ಬಾಡಿಗೆಯದು, ಹೊಲಿಗೆ ಯಂತ್ರವೂ ಬಾಡಿಗೆಯದು. ಇಡೀ ದಿನ ಬಿಸಿಲಿನಲ್ಲಿ ಕುಳಿತು ಗಳಿಸಿದುದರಲ್ಲಿ ಬಡ್ಡಿಯೂ ಬಾಡಿಗೆಯೂ ಕಳೆದು ಉಳಿದುದು ಆ ದಿನದ ಹಿಟ್ಟಿಗೆ ಸಾಲುತ್ತಿತ್ತು. ನಾಳೆ ಬೆಳಿಗ್ಗೆ ಮತ್ತೆ ಸಾಹುಕಾರನ ಬಾಗಿಲು. ಕೂಲಿಯನ್ನು ಎಷ್ಟೇ ಹೆಚ್ಚಿಸಿದರೂ ಹೆಚ್ಚಾದುದು ಅದೇ ಬಾಗಿಲಿಗೆ ಹರಿದುಹೋಗುತ್ತಿತ್ತು. ದುಡಿಮೆ ನಡೆದದ್ದು ಇವರ ಬೀದಿಯಲ್ಲಿ. ಸಂಪತ್ತು ಬೆಳೆದದ್ದು ಬೇರೆಯವರ ಮನೆಯಲ್ಲಿ.

1969ರಲ್ಲಿ ದೊಡ್ಡ ಬ್ಯಾಂಕುಗಳ ರಾಷ್ಟ್ರೀಕರಣವಾಗಿ, ಬಡವರಿಗೂ ಸಾಲ ಸಿಗಬೇಕೆಂಬ ನೀತಿ ಜಾರಿಗೆ ಬಂದಿತ್ತು. ‘ಸೇವಾ’ ತನ್ನ ಸದಸ್ಯೆಯರನ್ನು ಆ ಬ್ಯಾಂಕುಗಳಿಗೆ ಕಳುಹಿಸಿತು. ಅಲ್ಲಿಯ ಅನುಭವವು ಕಹಿಯಾಗಿತ್ತು. ವ್ಯಾಪಾರದ ಹೊತ್ತೂ ಬ್ಯಾಂಕಿನ ಹೊತ್ತೂ ಒಂದೇ. ಮಾಸಿದ ಸೀರೆಯುಟ್ಟು, ಮಕ್ಕಳನ್ನು ಕಂಕುಳಲ್ಲಿ ಎತ್ತಿಕೊಂಡು ಬಂದವರನ್ನು ಮಾತನಾಡಿಸುವ ರೀತಿ ಅಲ್ಲಿಯವರಿಗೆ ತಿಳಿದಿರಲಿಲ್ಲ. ಓದು ಬರಹ ಬಾರದವರ ಹೆಸರು, ವಿಳಾಸ, ಸಹಿ ಎಲ್ಲವೂ ತೊಡಕು. ಸಂಘದ ಸಭೆಯೊಂದರಲ್ಲಿ ಹಳೆಯ ಬಟ್ಟೆಯ ವ್ಯಾಪಾರದ ಮಹಿಳೆಯೊಬ್ಬರು, ಹಾಗಾದರೆ ನಮ್ಮದೇ ಬ್ಯಾಂಕು ಏಕಿರಬಾರದು ಎಂದು ಕೇಳಿದರೆಂಬುದು ಸಂಘದ ಚರಿತ್ರೆಯಲ್ಲಿ ಪ್ರಸಿದ್ಧವಾದ ಸಂಗತಿ.

ನೋಂದಣಿಯ ಹಾದಿ ಈ ಸಲವೂ ಸುಲಭವಾಗಿರಲಿಲ್ಲ. ತಮ್ಮ ಹೆಸರನ್ನೇ ಬರೆಯಲು ಬಾರದವರು ಬ್ಯಾಂಕನ್ನು ನಡೆಸುವುದಾದರೂ ಹೇಗೆ ಎಂಬುದು ಸಹಕಾರ ಇಲಾಖೆಯ ಶಂಕೆ. ಬ್ಯಾಂಕಿನ ಪ್ರವರ್ತಕರಾಗಿ ಸಹಿ ಹಾಕಬೇಕಾಗಿದ್ದ ಮಹಿಳೆಯರು ರಾತ್ರಿಯೆಲ್ಲ ಕುಳಿತು ತಮ್ಮ ತಮ್ಮ ಹೆಸರನ್ನು ಬರೆಯಲು ಕಲಿತು, ಅಧಿಕಾರಿಯ ಮುಂದೆ ಹೋಗಿ ತಪ್ಪಿಲ್ಲದೆ ಸಹಿ ಮಾಡಿದರು. 1974ರ ಮೇ ತಿಂಗಳಿನಲ್ಲಿ ‘ಶ್ರೀ ಮಹಿಳಾ ಸೇವಾ ಸಹಕಾರಿ ಬ್ಯಾಂಕ್’ ನೋಂದಣಿಯಾಯಿತು. 4,000 ಮಹಿಳೆಯರು ತಲಾ 10 ರೂಪಾಯಿಯ ಪಾಲು ಕೊಟ್ಟಿದ್ದರು. ಕೂಡಿಸಿದರೆ ಒಟ್ಟು 40,000 ರೂಪಾಯಿ. ಗಿರಣಿ ಮಾಲೀಕರ ಲೆಕ್ಕದಲ್ಲಿ ಇದು ಲೆಕ್ಕಕ್ಕೇ ಬಾರದ ಮೊತ್ತ. ಆದರೆ ಅದರ ಪ್ರತಿಯೊಂದು ರೂಪಾಯಿಗೂ ಒಬ್ಬ ಒಡತಿ ಇದ್ದಳು.

ಈ ಬ್ಯಾಂಕು ತನ್ನ ಗ್ರಾಹಕರ ಬದುಕನ್ನು ನೋಡಿ ತನ್ನ ಕ್ರಮಗಳನ್ನು ರೂಪಿಸಿಕೊಂಡಿತು. ಸಹಿ ಬಾರದವರ ಗುರುತಿಗಾಗಿ ಪಾಸ್‌ಬುಕ್ಕಿನಲ್ಲಿ ಭಾವಚಿತ್ರವನ್ನು ಅಂಟಿಸುವ ಪದ್ಧತಿಯನ್ನು ತಂದಿತು. ಬ್ಯಾಂಕಿಗೆ ಬರಲಾಗದವರ ಬೀದಿಗೆ ತಾನೇ ಹೋಗಿ ಅಂದಂದಿನ ಉಳಿತಾಯವನ್ನು ಸಂಗ್ರಹಿಸಿತು. ಕನ್ನಡಿಗರಿಗೆ ಇದು ಹೊಸ ಮಾತೇನಲ್ಲ. ಟಿ. ಎಂ. ಎ. ಪೈ ಮತ್ತು ಅವರ ಸಂಗಡಿಗರು ಉಡುಪಿಯಲ್ಲಿ ಸ್ಥಾಪಿಸಿದ, ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ಸಂಸ್ಥೆಯು 1928ರಲ್ಲಿಯೇ ಮನೆಬಾಗಿಲಿಗೆ ಹೋಗಿ ಎರಡಾಣೆಯನ್ನು ಸಂಗ್ರಹಿಸುವ ‘ಪಿಗ್ಮಿ’ ಠೇವಣಿಯನ್ನು ಆರಂಭಿಸಿತ್ತು. ಅಹಮದಾಬಾದಿನ ವಿಶೇಷವೆಂದರೆ, ಹಣ ಕಟ್ಟುವ ಮಹಿಳೆಯೇ ಬ್ಯಾಂಕಿನ ಪಾಲುದಾರಳೂ ಆಗಿದ್ದಳು. ಆಡಳಿತ ಮಂಡಳಿಯಲ್ಲಿ ತರಕಾರಿ ಮಾರುವವರು, ಬೀಡಿ ಕಟ್ಟುವವರು ಮುಂತಾದ ವೃತ್ತಿಗಳ ಪ್ರತಿನಿಧಿಗಳೇ ಕುಳಿತರು. ಖಾತೆಯು ಆಕೆಯ ಹೆಸರಿನಲ್ಲಿಯೇ ಇದ್ದುದರಿಂದ ಗಂಡನಾಗಲಿ ಮಗನಾಗಲಿ ಅದಕ್ಕೆ ಕೈ ಹಾಕುವಂತಿರಲಿಲ್ಲ.

ಸಾಲವು ಯಾವುದಕ್ಕೆ ಹೋಯಿತೆಂಬುದನ್ನು ಗಮನಿಸಿದರೆ ಈ ಸಂಸ್ಥೆಯ ದೃಷ್ಟಿ ಅರ್ಥವಾಗುತ್ತದೆ. ಸಾಹುಕಾರನ ಹಳೆಯ ಸಾಲವನ್ನು ತೀರಿಸಲು, ಅಡವಿಟ್ಟ ಒಡವೆಯನ್ನು ಬಿಡಿಸಲು, ಬಾಡಿಗೆಯ ಗಾಡಿಯ ಬದಲು ಸ್ವಂತ ಗಾಡಿಯನ್ನು ಕೊಳ್ಳಲು, ಸೋರುವ ಮಾಡನ್ನು ದುರಸ್ತಿ ಮಾಡಿಸಲು ಸಾಲ ದೊರೆಯಿತು. ಬೀಡಿ ಕಟ್ಟುವವಳಿಗೂ ಬಟ್ಟೆ ಹೊಲಿಯುವವಳಿಗೂ ಮನೆಯೇ ಕಾರ್ಖಾನೆ. ಆದ್ದರಿಂದ ಮಾಡು ಸೋರಿದರೆ ದುಡಿಮೆಯೂ ನಿಲ್ಲುತ್ತದೆ. ಬಾಡಿಗೆಯಾಗಿ ಹೊರಗೆ ಹರಿಯುತ್ತಿದ್ದ ಹಣವು ಗಾಡಿಯಾಗಿ, ಯಂತ್ರವಾಗಿ, ಮಾಡಾಗಿ ಮನೆಯಲ್ಲಿ ನಿಂತಿತು.

ಬ್ಯಾಂಕಿನ ಜೊತೆಜೊತೆಗೆ ಸಹಕಾರ ಸಂಘಗಳೂ ಬೆಳೆದವು. ದರಿಯಾಪುರ ಬಡಾವಣೆಯ ಮುಸ್ಲಿಂ ಮಹಿಳೆಯರು ಗಿರಣಿಗಳಲ್ಲಿ ಉಳಿದ ತುಂಡುಬಟ್ಟೆಗಳನ್ನು ಜೋಡಿಸಿ ರಜಾಯಿಯ ಹೊದಿಕೆಗಳನ್ನು ಹೊಲಿಯುತ್ತಿದ್ದರು. ಕೂಲಿ ಹೆಚ್ಚಿಸಬೇಕೆಂದು ಅವರು ಕೇಳಿದಾಗ ವ್ಯಾಪಾರಿಗಳು ಕೆಲಸ ಕೊಡುವುದನ್ನೇ ನಿಲ್ಲಿಸಿದರು. ಆಗ ಅವರು ತಮ್ಮದೇ ಸಹಕಾರ ಸಂಘವನ್ನು ಕಟ್ಟಿ, ತುಂಡುಬಟ್ಟೆಯನ್ನು ತಾವೇ ಕೊಂಡು, ಹೊಲಿದು, ಮಾರಿದರು. ಗಿರಣಿಗೆ ಬೇಡವಾದ ಚಿಂದಿಯಿಂದ ಅವರ ಆಸ್ತಿ ಹುಟ್ಟಿತು. ಕಾಗದ ಆಯುವವರೂ ಕಚೇರಿಗಳನ್ನು ಸ್ವಚ್ಛಗೊಳಿಸುವವರೂ ಇದೇ ಹಾದಿಯನ್ನು ಹಿಡಿದರು. 1992ರಲ್ಲಿ ಇಂತಹ ಸಂಘಗಳ ಒಕ್ಕೂಟವೂ ರೂಪುಗೊಂಡಿತು. ರೋಗ ಮತ್ತು ಮರಣಗಳ ಆಘಾತದಿಂದ ಉಳಿತಾಯವು ಕರಗದಿರಲೆಂದು ಅದೇ ವರ್ಷ ವಿಮೆಯ ವ್ಯವಸ್ಥೆಯೂ ಆರಂಭವಾಯಿತು.

ಈ ಹಾದಿಯಲ್ಲಿ ಕಠಿಣ ಪರೀಕ್ಷೆಗಳು ಎದುರಾದವು. 1981ರಲ್ಲಿ ವೈದ್ಯಕೀಯ ಶಿಕ್ಷಣದಲ್ಲಿ ದಲಿತರಿಗಿದ್ದ ಮೀಸಲಾತಿಯ ವಿರುದ್ಧ ಗುಜರಾತಿನಲ್ಲಿ ಗಲಭೆಗಳೆದ್ದು, ಅಹಮದಾಬಾದಿನ ದಲಿತರ ಕೇರಿಗಳ ಮೇಲೆ ದಾಳಿಗಳಾದವು. ‘ಸೇವಾ’ದ ಸದಸ್ಯೆಯರಲ್ಲಿ ದಲಿತರು ಬಹಳ ಮಂದಿ ಇದ್ದರು. ಇಳಾ ಭಟ್ ಅವರು ಬಹಿರಂಗವಾಗಿ ದಲಿತರ ಪರವಾಗಿ ನಿಂತರು. ಮಾತೃಸಂಸ್ಥೆಯಾದ ಮಜೂರ್ ಮಹಾಜನ್ ಇದನ್ನು ಒಪ್ಪಲಿಲ್ಲ. ಆ ವರ್ಷವೇ ‘ಸೇವಾ’ವನ್ನು ಸಂಘದಿಂದ ಹೊರಹಾಕಲಾಯಿತು. ತಾಯಿಮನೆಯ ಆಸರೆ ತಪ್ಪಿದ ಮೇಲೆ ಈ ಸಂಘ ಉಳಿಯಲಾರದೆಂದು ಭಾವಿಸಿದವರಿದ್ದರು. ಆದರೆ ಅದಕ್ಕೆ ಆಗಲೇ ತನ್ನದೇ ಆದ ಬ್ಯಾಂಕಿತ್ತು, ತನ್ನವೇ ಆದ ಸಹಕಾರ ಸಂಘಗಳಿದ್ದವು. ಸ್ವಂತ ನೆಲೆಯಿದ್ದುದರಿಂದಲೇ ನ್ಯಾಯದ ಮಾತನ್ನು ಆಡಿಯೂ ಬದುಕಿ ಉಳಿಯುವುದು ಸಾಧ್ಯವಾಯಿತು.

ಎರಡನೆಯ ಪರೀಕ್ಷೆ ಇಡೀ ನಗರಕ್ಕೆ ಬಂದುದು. 1980ರ ದಶಕದಿಂದ ಗಿರಣಿಗಳು ಒಂದರ ಹಿಂದೆ ಒಂದು ಮುಚ್ಚತೊಡಗಿದವು. ವಿದ್ಯುತ್ ಮಗ್ಗಗಳ ಪೈಪೋಟಿ, ಹಳೆಯದಾದ ಯಂತ್ರಗಳು, ಗಿರಣಿಯ ಲಾಭವು ಬೇರೆ ಉದ್ಯಮಗಳಿಗೆ ಹರಿದದ್ದು ಇವೆಲ್ಲ ಅದಕ್ಕೆ ಕಾರಣ. ಸಹಸ್ರಾರು ಕುಟುಂಬಗಳ ಗಂಡಸರು ಕೆಲಸ ಕಳೆದುಕೊಂಡರು. ಗಿರಣಿಗಳನ್ನೇ ಆಧಾರವಾಗಿಟ್ಟುಕೊಂಡಿದ್ದ ಮಜೂರ್ ಮಹಾಜನ್ ಸಂಘದ ಶಕ್ತಿಯೂ ಕುಗ್ಗಿತು. ಆ ಕಾಲದಲ್ಲಿ ಅನೇಕ ಮನೆಗಳ ಒಲೆ ಉರಿದದ್ದು ಹೆಂಗಸರ ಬೀದಿ ವ್ಯಾಪಾರದಿಂದ, ಹೊಲಿಗೆಯಿಂದ, ಬೀಡಿಯಿಂದ. ಗಿರಣಿಯ ಯಂತ್ರಗಳನ್ನು ಮಾಲೀಕರು ಮಾರಬಹುದಾಗಿತ್ತು. ತಲಾ ಹತ್ತು ರೂಪಾಯಿಯಂತೆ ಸಾವಿರಾರು ಮಂದಿಯಲ್ಲಿ ಹಂಚಿಹೋಗಿದ್ದ ಸಂಸ್ಥೆಯನ್ನು ಮಾರಿ ಹೋಗಬಲ್ಲ ಮಾಲೀಕನೇ ಇರಲಿಲ್ಲ.

ಸಹಕಾರವೆಂಬ ಹೆಸರಷ್ಟೇ ಸಾಲದು ಎಂಬುದಕ್ಕೂ ಇದೇ ನಗರದಲ್ಲಿ ನಿದರ್ಶನವಿದೆ. ಅಹಮದಾಬಾದಿನ ಮಾಧವಪುರ ಮರ್ಕಂಟೈಲ್ ಸಹಕಾರಿ ಬ್ಯಾಂಕು ಷೇರು ದಲ್ಲಾಳಿಗಳಿಗೆ ಮಿತಿಮೀರಿ ಸಾಲ ಕೊಟ್ಟು 2001ರ ಮಾರ್ಚ್‌ನಲ್ಲಿ ಕುಸಿಯಿತು. ಅದರಲ್ಲಿ ಹಣವಿಟ್ಟಿದ್ದ ಗುಜರಾತಿನ ಇತರ ಸಹಕಾರಿ ಬ್ಯಾಂಕುಗಳೂ ತತ್ತರಿಸಿದವು. ಸಾವಿರಾರು ಠೇವಣಿದಾರರು ಬಾಗಿಲಲ್ಲಿ ಸಾಲು ನಿಂತರು. 2012ರಲ್ಲಿ ರಿಸರ್ವ್ ಬ್ಯಾಂಕು ಅದರ ಪರವಾನಗಿಯನ್ನು ರದ್ದುಪಡಿಸಿತು. ಅಲ್ಲಿಯೂ ಪಾಲುದಾರರಿದ್ದರು, ಆಡಳಿತ ಮಂಡಳಿಯಿತ್ತು, ಸಹಕಾರದ ನಿಯಮಗಳಿದ್ದವು. ಆದರೆ ನಗರದ ಜನರ ಉಳಿತಾಯವು ಅವರ ಬೀದಿಯನ್ನು ಬಿಟ್ಟು ಮುಂಬಯಿಯ ಷೇರುಪೇಟೆಯ ಜೂಜಿಗೆ ಹೋಗಿತ್ತು. ತರಕಾರಿ ಮಾರುವವಳ ಠೇವಣಿಯು ಮತ್ತೊಬ್ಬ ತರಕಾರಿ ಮಾರುವವಳ ಗಾಡಿಯಾಗುವುದಕ್ಕೂ, ಅದೇ ಠೇವಣಿಯು ದಲ್ಲಾಳಿಯ ಪಂದ್ಯವಾಗುವುದಕ್ಕೂ ಇರುವ ಅಂತರವು ನಿಯಮಗಳ ಪುಸ್ತಕದಲ್ಲಿ ಕಾಣುವಂಥದ್ದಲ್ಲ. ಹಣ ಎಲ್ಲಿಗೆ ಹೋಯಿತು ಎಂದು ಕೇಳುವವರು ಮಂಡಳಿಯಲ್ಲಿ ಇರುವರೇ ಎಂಬುದರ ಮೇಲೆ ಅದು ನಿಂತಿದೆ.

ಹಣವೊಂದರಿಂದಲೇ ಎಲ್ಲವೂ ಆಗುವುದಿಲ್ಲವೆಂಬುದನ್ನೂ ಈ ಚರಿತ್ರೆ ಮರೆಮಾಚುವುದಿಲ್ಲ. ಸ್ವಂತ ತಕ್ಕಡಿ ಇದ್ದರೂ ಕುಳಿತುಕೊಳ್ಳಲು ಜಾಗವಿಲ್ಲದಿದ್ದರೆ ವ್ಯಾಪಾರವಿಲ್ಲ. ಹಳೆಯ ನಗರದ ಮಾಣೆಕ್ ಚೌಕದಲ್ಲಿ ತಲೆಮಾರುಗಳಿಂದ ತರಕಾರಿ ಮಾರುತ್ತಿದ್ದ ಮಹಿಳೆಯರನ್ನು ಎಬ್ಬಿಸಲು ಹೊರಟಾಗ, ‘ಸೇವಾ’ ಸರ್ವೋಚ್ಚ ನ್ಯಾಯಾಲಯದವರೆಗೂ ಹೋಗಬೇಕಾಯಿತು. ಬೀದಿ ವ್ಯಾಪಾರಿಗಳ ಜೀವನೋಪಾಯವನ್ನು ರಕ್ಷಿಸುವ ಕಾನೂನು ದೇಶಕ್ಕೆ ಬಂದುದು 2014ರಲ್ಲಿ. ಹಾಗೆಯೇ 1990ರ ದಶಕದ ಮಧ್ಯಭಾಗದಲ್ಲಿ ಅಹಮದಾಬಾದ್ ಮಹಾನಗರ ಪಾಲಿಕೆಯು ‘ಪರಿವರ್ತನ್’ ಎಂಬ ಯೋಜನೆಯಡಿ ಕೊಳೆಗೇರಿಗಳಿಗೆ ನಲ್ಲಿ, ಚರಂಡಿ, ಶೌಚಾಲಯ, ಬೀದಿದೀಪಗಳನ್ನು ಒದಗಿಸಲು ಮುಂದಾಯಿತು. ಪ್ರತಿ ಕುಟುಂಬವೂ ತನ್ನ ಪಾಲಾಗಿ 2,000 ರೂಪಾಯಿ ಕಟ್ಟಬೇಕಿತ್ತು. ಆ ಹಣವನ್ನು ಹೊಂದಿಸಿಕೊಳ್ಳಲು ‘ಸೇವಾ’ ಬ್ಯಾಂಕು ನೆರವಾಯಿತು. ಹತ್ತು ವರ್ಷಗಳವರೆಗೆ ಎಬ್ಬಿಸುವುದಿಲ್ಲವೆಂಬ ಭರವಸೆಯನ್ನು ಪಾಲಿಕೆ ಕೊಟ್ಟಿತು. ಬಡವರ ಉಳಿತಾಯ, ಸಂಘದ ಬಲ, ಸರ್ಕಾರದ ಹೊಣೆ ಈ ಮೂರೂ ಕೂಡಿದಾಗ ಮಾತ್ರ ಕೇರಿಗೆ ನೀರು ಬಂದಿತು.

ಸಹಕಾರದ ಈ ಬೀಜವು ಕನ್ನಡ ನಾಡಿಗೂ ಅಪರಿಚಿತವಲ್ಲ. ದೇಶದಲ್ಲಿ ಸಹಕಾರಿ ಪತ್ತಿನ ಸಂಘಗಳಿಗೆ ದಾರಿ ತೆರೆದ 1904ರ ಕಾನೂನಿನ ಮರುವರ್ಷವೇ, ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಸಂಘವನ್ನು ಕಟ್ಟಿದ್ದರು. ಅಲ್ಲಿ ರೈತರನ್ನು ಸಾಹುಕಾರನ ಬಡ್ಡಿಯಿಂದ ಬಿಡಿಸುವುದು ಗುರಿಯಾಗಿತ್ತು. ಎಪ್ಪತ್ತು ವರ್ಷಗಳ ತರುವಾಯ ಅದೇ ಗುರಿಯು ಒಂದು ಮಹಾನಗರದ ಬೀದಿಯಲ್ಲಿ, ಹೊಲವೂ ಇಲ್ಲದ ಮಹಿಳೆಯರ ಕೈಯಲ್ಲಿ ಮತ್ತೆ ಚಿಗುರಿತು.

ಆಯ್ದಕ್ಕಿ ಲಕ್ಕಮ್ಮನ ಕಥೆಯನ್ನು ಬಲ್ಲವರಿಗೆ ಇಲ್ಲಿ ಒಂದು ಸಂದೇಹ ಬರಬಹುದು. ಅಂದಿನ ಅಗತ್ಯಕ್ಕಿಂತ ಹೆಚ್ಚಾಗಿ ಗಂಡ ಮಾರಯ್ಯ ತಂದ ಅಕ್ಕಿಯನ್ನು ಹಿಂದಿರುಗಿಸಿ ಬರುವಂತೆ ಹೇಳಿದ ಮಹಾತಾಯಿ ಆಕೆ. ಹಾಗಿರುವಾಗ ಉಳಿತಾಯವನ್ನು ಹೊಗಳುವುದು ಸರಿಯೇ? ಲಕ್ಕಮ್ಮ ಬೇಡವೆಂದದ್ದು ಆಸೆಯ ಸಂಗ್ರಹವನ್ನು. ತನ್ನ ಮನೆಯಲ್ಲಿ ಕೂಡಿಬಿದ್ದು ಇತರರಿಗೆ ಇಲ್ಲವಾಗುವ ಸಂಗ್ರಹವನ್ನು. ಅಹಮದಾಬಾದಿನ ಹೆಂಗಸು ಇಂದು ಕಟ್ಟಿದ ಹಣವು ನಾಳೆ ಮತ್ತೊಬ್ಬಳ ಕಷ್ಟಕ್ಕೆ ಒದಗುತ್ತದೆ. ನಾಡಿದ್ದು ಅದು ತಿರುಗಿ ಇವಳ ಮಗುವಿನ ಔಷಧಿಗೆ ಬರುತ್ತದೆ. ಹೀಗೆ ಕೈಯಿಂದ ಕೈಗೆ ಸಾಗುವ ಹಣವನ್ನು ಸಂಗ್ರಹವೆನ್ನುವುದಕ್ಕಿಂತ ದಾಸೋಹಕ್ಕೆ ಸಮೀಪವಾದುದೆನ್ನುವುದೇ ಉಚಿತ.

ಇಳಾ ಭಟ್ ಅವರಿಗೆ 1977ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿಯೂ 1986ರಲ್ಲಿ ಪದ್ಮಭೂಷಣವೂ ಸಂದವು. ಅವರು 2022ರ ನವೆಂಬರ್ 2ರಂದು ಅಹಮದಾಬಾದಿನಲ್ಲಿ ನಿಧನರಾದರು. ‘ಸೇವಾ’ದ ಸದಸ್ಯೆಯರ ಸಂಖ್ಯೆ ಅವರ ಜೀವಿತಕಾಲದಲ್ಲಿಯೇ ಹತ್ತು ಲಕ್ಷವನ್ನು ಮೀರಿತ್ತು. ಆದರೆ ಈ ಚರಿತ್ರೆಯ ಬೆಲೆಯನ್ನು ಪ್ರಶಸ್ತಿಯಿಂದಲಾಗಲಿ ಸಂಖ್ಯೆಯಿಂದಲಾಗಲಿ ಅಳೆಯಲಾಗದು. ತನ್ನ ಹೆಸರನ್ನು ಬರೆಯಲು ಒಂದು ರಾತ್ರಿಯೆಲ್ಲ ಎಚ್ಚರವಿದ್ದು ಕಲಿತ ಮಹಿಳೆಯು ಆ ಹೆಸರನ್ನು ಮೊದಲು ಬರೆದದ್ದು ತನ್ನದೇ ಬ್ಯಾಂಕಿನ ಕಾಗದದ ಮೇಲೆ. ದುಡಿದವರ ಹೆಸರು ದುಡಿಮೆಯ ಫಲದ ಮೇಲೆಯೂ ಇರಬೇಕೆಂಬ ನ್ಯಾಯವು ಆ ಒಂದು ಸಹಿಯಲ್ಲಿ ಅಡಗಿದೆ.